ಘಟ್ಟದ ಮಳೆಗೆ ಯಾವ ಕೋವಿ, ಬಯಲಿನ ಧೂಳಿಗೆ ಯಾವ ಕೋವಿ?

ಕೋವಿ ತಗೊಳ್ಳಬೇಕು ಅಂತ ಹೊರಟವರು ಕಂಪನಿ ಯಾವುದು, ಬೆಲೆ ಎಷ್ಟು, ಹೊಸದು ಒಳ್ಳೆಯದಾ ಹಳೆಯದಾ ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು ತೋಟ ಯಾವ ತಾಲ್ಲೂಕಿನಲ್ಲಿದೆ ಎಂದು. ಹಾಸನ ಒಂದೇ ಜಿಲ್ಲೆ. ಆದರೆ ಸಕಲೇಶಪುರದ ಕಡೆ ಆರಿದ್ರಾ ಮಳೆ ಹಿಡಿದರೆ ಮನೆಯ ಗೋಡೆಯೂ ಬೆವರುತ್ತದೆ. ಅದೇ ಹೊತ್ತಿಗೆ ಅರಸೀಕೆರೆಯಲ್ಲಿ ಜನ ಮೋಡ ನೋಡುತ್ತಾ ಕೂತಿರುತ್ತಾರೆ. ಚಿಕ್ಕಮಗಳೂರಿನಲ್ಲೂ ಮೂಡಿಗೆರೆ, ಕೊಪ್ಪ, ಶೃಂಗೇರಿ ಒಂದು ಬಗೆ. ಕಡೂರು, ಅಜ್ಜಂಪುರ ಇನ್ನೊಂದು ಬಗೆ. ಒಂದು ಕಡೆ ಕೋವಿಗೆ ತೇವ ಶತ್ರು, ಇನ್ನೊಂದು ಕಡೆ ಧೂಳು. ಎರಡೂ ಕಡೆಗೆ ಒಂದೇ ಸಲಹೆ ಕೊಟ್ಟರೆ ಒಬ್ಬರಿಗಂತೂ ಅದು ತಪ್ಪು ಸಲಹೆಯೇ.

ಇದನ್ನು ಬರೆಯುತ್ತಿರುವುದು ಬೆಳೆ ಕಾಯಲು ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಳ್ಳುವ ಬೆಳೆಗಾರರಿಗೆ. ಕೋವಿ ಎಂದರೆ ಇಲ್ಲಿ ಸದ್ದು ಮಾಡಿ ಪ್ರಾಣಿಯನ್ನು ಓಡಿಸುವ ಸಾಧನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವ ಪ್ರಾಣಿಯ ಮೇಲೆ ಅನುಮತಿ ಇಲ್ಲದೆ ಗುಂಡು ಹಾರಿಸಿದರೆ ಅದು ಅಪರಾಧ. ತೋಟಕ್ಕೆ ನುಗ್ಗಿತ್ತು ಎಂದ ಮಾತ್ರಕ್ಕೆ ಕೇಸು ತಪ್ಪುವುದಿಲ್ಲ.

ಆಯ್ಕೆ ಶುರುವಾಗುವುದು ಅರ್ಜಿಯಲ್ಲಿ

ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ನಮ್ಮ ಎರಡು ಜಿಲ್ಲೆಗಳಿಗಿಲ್ಲ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಬೇಕೇ ಬೇಕು. ಆ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಬೆಳೆಗಾರರು ಓದಲೇಬೇಕಾದ ಒಂದು ಮಾತಿದೆ. ಬೆಳೆ ರಕ್ಷಣೆಗೆ ಎಂದು ಕೇಳಿದರೆ ಮೊದಲು ಸಿಗುವುದು ನಳಿಗೆಯ ಬಾಯಿಂದ ಮಸಿ (ಕರಿ ಮದ್ದಿನ ಪುಡಿ) ತುಂಬುವ ಕೋವಿ, ಅಂದರೆ ನಮ್ಮ ಕೇಪಿನ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ, 20 ಇಂಚಿಗೆ ಕಡಿಮೆ ಇಲ್ಲದ ನಳಿಗೆಯ ಬೇರೆ ನಯ ನಳಿಗೆ (ಒಳಗೆ ಗೆರೆ ಇಲ್ಲದ ನಳಿಗೆ) ಕೋವಿಗೆ, ಅಂದರೆ ನಮ್ಮ ತೋಟಾ (ಕಾರ್ಟ್ರಿಜ್) ಹಾಕುವ ಕೋವಿಗೆ ಅನುಮತಿ ಕೊಡಬಹುದು.

ಹಾಗಾಗಿ ಘಟ್ಟದ ಅಂಚಿನಲ್ಲಿರುವವರು ಅರ್ಜಿಯಲ್ಲಿ "ಆನೆ, ಹಂದಿ ಕಾಟ" ಎಂದಷ್ಟೇ ಬರೆದು ಸುಮ್ಮನಾಗಬೇಡಿ. ಮಳೆಯನ್ನೂ ಬರೆಯಿರಿ. ವರ್ಷದಲ್ಲಿ ನಾಲ್ಕು ತಿಂಗಳು ಮಸಿ ಒಣಗಿರುವುದೇ ಇಲ್ಲ, ಕೋವಿ ಬೇಕಾದ ದಿನವೇ ಕೈಕೊಡುತ್ತದೆ ಎಂಬುದು ಸುಳ್ಳು ಕಾರಣವೇನಲ್ಲ. ತೀರ್ಮಾನ ಡಿಸಿ ಕಚೇರಿಯದು, ಆದರೆ ಕಾರಣ ಕಾಗದದ ಮೇಲೆ ಇರಬೇಕು ಅಲ್ವಾ?

ಕೈಕೊಡುವುದರಲ್ಲೂ ಮೂರು ಬಗೆ

ಟ್ರಿಗರ್ ಎಳೆದರೂ ಹಾರಲಿಲ್ಲ ಎನ್ನುವುದು ಮೊದಲನೆಯದು. ಬೇಜಾರಿನ ಸಂಗತಿ ಅಷ್ಟೇ. ಎರಡನೆಯದು ತಡವಾಗಿ ಹಾರುವುದು. ಕೇಪು (ಬಡಿದರೆ ಕಿಡಿ ಕೊಡುವ ಸಣ್ಣ ಟೊಪ್ಪಿ) ಸಿಡಿದಿದೆ, ಒಳಗೆ ತೇವದ ಮಸಿ ನಿಧಾನ ಕೆಂಡ ಹಿಡಿಯುತ್ತಿದೆ. "ಏನಾಯ್ತು" ಎಂದು ನಳಿಗೆ ತಿರುಗಿಸಿ ನೋಡುವ ಹೊತ್ತಿಗೆ ಈಡು ಹಾರುತ್ತದೆ. ಮೂರನೆಯದು ಅರ್ಧಂಬರ್ಧ ಹಾರುವುದು. ಸದ್ದು ಸಣ್ಣಗೆ ಬರುತ್ತದೆ, ಒಳಗಿನ ಬಿರಡೆ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ಗಮನಿಸದೆ ಮುಂದಿನ ಈಡು ಹಾರಿಸಿದರೆ ನಳಿಗೆ ಒಡೆಯುತ್ತದೆ.

ಅದಕ್ಕೇ ಮಳೆಗಾಲದಲ್ಲಿ ಹಾರದ ಕೋವಿಯನ್ನು ಹಾರುವ ಕೋವಿಗಿಂತ ಜಾಸ್ತಿ ಹೆದರಿಕೆಯಿಂದ ಹಿಡಿಯಬೇಕು. ನಳಿಗೆ ಜನ, ಜಾನುವಾರು, ಮನೆ ಇಲ್ಲದ ಕಡೆಗೇ ಇರಲಿ. ತೋಟಾ ಕೋವಿಯಾದರೆ ಅರ್ಧ ನಿಮಿಷ, ಕೇಪಿನ ಕೋವಿಯಾದರೆ ಕನಿಷ್ಠ ಎರಡು ನಿಮಿಷ ಅಲುಗಾಡದೆ ನಿಲ್ಲಿ. ಸಣ್ಣ ಸದ್ದು ಬಂದಿದ್ದರೆ ಕೋವಿ ಖಾಲಿ ಮಾಡಿ, ನಳಿಗೆ ಈ ತುದಿಯಿಂದ ಆ ತುದಿಗೆ ತೆರೆದಿದೆ ಎಂದು ಖಾತ್ರಿಯಾಗುವವರೆಗೆ ಇನ್ನೊಂದು ತೋಟಾ ಹಾಕಬೇಡಿ.

ಕೇಪಿನ ಕೋವಿ

ನಮ್ಮಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಮೊದಲು ಬರುವುದು ಇದು. ಅಗ್ಗ, ಕೆಡುವ ಭಾಗ ಕಡಿಮೆ, ಸದ್ದು ಜೋರು, ಹೊಗೆಯೂ ದಟ್ಟ. ಓಡಿಸಲು ಸದ್ದು ಹೊಗೆ ಎರಡೂ ಒಳ್ಳೆಯದೇ. ಒಣ ಹವೆಯಲ್ಲಿ ಇದು ನಂಬಬಹುದಾದ ಕೋವಿ.

ಜಡಿಮಳೆಯಲ್ಲಿ ಮಾತ್ರ ಇದರಷ್ಟು ಕೈಕೊಡುವ ಕೋವಿ ಇನ್ನೊಂದಿಲ್ಲ. ಕಾರಣ ಅದರ ಕಟ್ಟೋಣದಲ್ಲೇ ಇದೆ. ತೋಟಾದಲ್ಲಿ ಮದ್ದು ಮುಚ್ಚಿದ ಡಬ್ಬಿಯೊಳಗೆ ಇರುತ್ತದೆ. ಇಲ್ಲಿ ಬಾಯಿ ಕಡೆಯಿಂದ ಮಳೆ ನೀರು ಇಳಿಯಬಹುದು, ಹಿಂದಿನಿಂದ ಕೇಪಿನ ಅಡಿಯಲ್ಲಿ ತೇವ ನುಗ್ಗಬಹುದು. ಕೇಪು ಕೂರುವ ನಿಪ್ಪಲ್ಲಿನಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. ಕೇಪಿನ ಕಿಡಿ ಮಸಿಗೆ ತಲುಪುವುದು ಆ ದಾರಿಯಿಂದ ಮಾತ್ರ. ಅಲ್ಲಿ ಒಂದು ಹನಿ ನೀರು, ಅಥವಾ ಮೊನ್ನೆ ಹಚ್ಚಿದ ಎಣ್ಣೆಯ ಒಂದು ಹನಿ ಕೂತಿದ್ದರೆ ಕೇಪು "ಟಪ್" ಅನ್ನುತ್ತದೆ, ಈಡು ಹಾರುವುದಿಲ್ಲ. ತುಕ್ಕು ಹಿಡಿಯದಿರಲಿ ಎಂದು ಧಾರಾಳವಾಗಿ ಎಣ್ಣೆ ಬಿಟ್ಟವರ ಕೋವಿ ಹೀಗೆ ಕೈಕೊಡುತ್ತದೆ. ಎಣ್ಣೆ ಹಚ್ಚಿಟ್ಟ ಕೋವಿಯನ್ನು ತುಂಬುವ ಮುಂಚೆ ಒಣ ಬಟ್ಟೆಯಲ್ಲಿ ಒಳಗೆ ಹೊರಗೆ ಒರೆಸಿ, ನಿಪ್ಪಲ್ಲಿನ ತೂತಿಗೆ ಸಣ್ಣ ತಂತಿ ಹಾಕಿ ನೋಡಲೇಬೇಕು.

ಇನ್ನೊಂದು ತೊಂದರೆ ಹಾರಿದ ಮೇಲಿನದು. ಕರಿ ಮಸಿ ಉರಿದರೆ ಪೂರ್ತಿ ಹೊಗೆಯಾಗಿ ಹೋಗದೆ ಒಂದು ಪಾಲು ಗಟ್ಟಿ ಕಸವಾಗಿ ನಳಿಗೆಗೆ ಅಂಟುತ್ತದೆ. ಆ ಕಸ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮೂಡಿಗೆರೆಯ ಜುಲೈ ತಿಂಗಳಲ್ಲಿ ರಾತ್ರಿ ಹಾರಿಸಿ, ನಾಳೆ ನಾಡಿದ್ದು ತೊಳೆದರಾಯಿತು ಎಂದು ನೇತುಹಾಕಿದರೆ ಬೆಳಗ್ಗೆಗೇ ನಳಿಗೆಯ ಬಾಯಲ್ಲಿ ಕಂದು ಬಣ್ಣ ಕಾಣುತ್ತದೆ. ಎಣ್ಣೆ ಹಚ್ಚಿ ಇದನ್ನು ತಪ್ಪಿಸಲು ಆಗುವುದಿಲ್ಲ. ಈ ಕಸದಲ್ಲಿ ಉಪ್ಪಿನಂಶ ಇದೆ, ಉಪ್ಪು ಕರಗುವುದು ನೀರಿನಲ್ಲಿ. ಹಾಗಾಗಿ ಮೊದಲು ಬಿಸಿನೀರು, ಸೋಪು. ಗಜಕ್ಕೆ (ನಳಿಗೆಯೊಳಗೆ ಇಳಿಸುವ ಕಡ್ಡಿಗೆ) ಬಟ್ಟೆ ಸುತ್ತಿ, ಬಟ್ಟೆ ಬೆಳ್ಳಗೆ ಹೊರಬರುವ ತನಕ ಉಜ್ಜಬೇಕು. ನೀರು ಬಿಸಿಯಾಗಿದ್ದರೆ ಕಬ್ಬಿಣ ಬಿಸಿಯಾಗಿ ತಾನೇ ಬೇಗ ಒಣಗುತ್ತದೆ. ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಎಣ್ಣೆ. ಈ ಕ್ರಮ ತಿರುವುಮುರುವು ಆದರೆ ಎಣ್ಣೆಯ ಅಡಿಯಲ್ಲೇ ತುಕ್ಕು ಬೆಳೆಯುತ್ತದೆ.

ತುಂಬಿದ ಕೇಪಿನ ಕೋವಿಯನ್ನು ವಾರಗಟ್ಟಲೆ ಗೋಡೆಗೆ ನೇತುಹಾಕುವ ಅಭ್ಯಾಸ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಬಾಯಿಂದ ತುಂಬಿದ್ದನ್ನು ಹೊರಗೆ ತೆಗೆಯುವುದು ಕಷ್ಟ ಎಂಬುದೇ ಅದಕ್ಕೆ ಕಾರಣ. ಕೇಪು ತೆಗೆದಿದ್ದೇನೆ, ಏನೂ ಆಗಲ್ಲ ಎನ್ನುತ್ತಾರೆ. ಕೇಪು ತೆಗೆದರೂ ಕೋವಿ ತುಂಬಿಯೇ ಇದೆ. ತೇವ ಹೊಡೆದ ಮಸಿ ಸತ್ತಿದೆ ಎಂದು ನಂಬುವ ಹಾಗೂ ಇಲ್ಲ, ಒಣಗಿದರೆ ಅದು ಮತ್ತೆ ಜೀವ ಹಿಡಿಯಬಹುದು. ಮಕ್ಕಳಿರುವ ಮನೆಯಲ್ಲಿ, ಕೆಲಸದವರ ಲೈನ್ ಮನೆಗಳ ಹತ್ತಿರ ಇದು ಬೇಡವೇ ಬೇಡ. ಒಳಗೆ ಸಿಕ್ಕಿಕೊಂಡ ಈಡನ್ನು ಕೋವಿ ರಿಪೇರಿಯವರ ಹತ್ತಿರ ತೆಗೆಸಿ.

ಒಂಟಿ ನಳಿಗೆ, ಜೋಡು ನಳಿಗೆ

ಮಡಚಿ ತೋಟಾ ಹಾಕುವ 12 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ) ಕೋವಿಗಳು ಇವು. ಮಳೆ ಪ್ರದೇಶಕ್ಕೆ ನನ್ನ ಮತ ಜೋಡು ನಳಿಗೆಗೆ, ಅದರಲ್ಲಿ ಅನುಮಾನವಿಲ್ಲ.

ಜೋಡು ನಳಿಗೆ ಎಂದರೆ ಎರಡು ನಳಿಗೆ ಮಾತ್ರ ಅಲ್ಲ. ಒಳಗೆ ಎರಡು ಸ್ಪ್ರಿಂಗು, ಎರಡು ಕುದುರೆ (ಬಡಿಯುವ ಸುತ್ತಿಗೆ), ಎರಡು ಪಿನ್ನು ಇರುತ್ತವೆ. ಒಂದು ಬದಿ ತುಕ್ಕಿನಿಂದಲೋ ಕೆಟ್ಟ ತೋಟಾದಿಂದಲೋ ಕೈಕೊಟ್ಟರೆ ಇನ್ನೊಂದು ಬದಿಗೆ ಅದರ ಹಂಗಿಲ್ಲ. ಬೇರೆ ಯಾವ ಕೋವಿಯಲ್ಲೂ ಈ ಅನುಕೂಲ ಇಲ್ಲ. ಮಡಚಿದರೆ ನಳಿಗೆ ಈ ತುದಿಯಿಂದ ಆ ತುದಿಗೆ ಕಾಣುತ್ತದೆ. ಕೆಸರು, ಕಸ, ನೀರು ಏನಿದ್ದರೂ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಖಾಲಿ ಇದೆಯಾ ಎಂದು ನೋಡುವುದೂ ಅಷ್ಟೇ ಸುಲಭ.

ಕಣಜ ಜಾತಿಯ ಒಂದು ಹುಳು ನಮ್ಮ ಮನೆಗಳಲ್ಲಿ ಮಣ್ಣಿನ ಗೂಡು ಕಟ್ಟುವುದು ನೋಡಿರುತ್ತೀರಿ. ಬೀಗದ ತೂತು, ಸ್ವಿಚ್ ಬೋರ್ಡಿನ ಸಂದು, ಪೈಪಿನ ತುದಿ, ಎಲ್ಲಿ ಸಣ್ಣ ಕೊಳವೆ ಸಿಕ್ಕರೂ ಮಣ್ಣು ತಂದು ತುಂಬುತ್ತದೆ. ಕೋವಿಯ ನಳಿಗೆಯೂ ಅದಕ್ಕೆ ಒಂದು ಕೊಳವೆಯೇ. ಒಣಗಿದ ಮಣ್ಣಿನ ಬಿರಡೆ ಇರುವ ನಳಿಗೆಯಲ್ಲಿ ಈಡು ಹಾರಿಸಿದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ತೋಟಾ ಕೋವಿಯಾದರೆ ಮಡಚಿ ಬೆಳಕಿಗೆ ಹಿಡಿದು ನೋಡಿದರೆ ಸಾಕು. ಕೇಪಿನ ಕೋವಿಯಲ್ಲಿ ಹಿಂಬದಿ ಮುಚ್ಚಿರುವುದರಿಂದ ಗಜ ಇಳಿಸಿ ಅಳತೆ ನೋಡಬೇಕು.

ಒಂಟಿ ನಳಿಗೆ ಹಗುರ, ಅಗ್ಗ, ಒಳಗಿನ ಕೆಲಸ ಇನ್ನೂ ಸರಳ. ಹೊರಗೆ ಕುದುರೆ ಕಾಣುವ ಮಾದರಿಯಾದರೆ ಕುದುರೆ ಎತ್ತಿದೆಯೋ ಇಳಿದಿದೆಯೋ ದೂರದಿಂದಲೇ ತಿಳಿಯುತ್ತದೆ. ಅರಸೀಕೆರೆ, ಕಡೂರಿನ ಒಣ ಹೊಲದವರಿಗೆ ತೋಟಾ ಕೋವಿಯೇ ಬೇಕೆಂದರೆ ಇದೇ ಸಾಕು. ಮಳೆ ಕಡೆಗೂ ಆಗಬಾರದು ಎಂದಿಲ್ಲ, ಆದರೆ ಒಂದು ತೋಟಾ ಕೈಕೊಟ್ಟರೆ ಅರ್ಧ ನಿಮಿಷ ಸುಮ್ನೆ ನಿಲ್ಲಬೇಕು ಎಂದೆನಲ್ಲ, ಆ ಅರ್ಧ ನಿಮಿಷ ನಿಮ್ಮ ಕೈಲಿ ಏನೂ ಇರುವುದಿಲ್ಲ.

ಹಳೇ ತೋಟದ ಮನೆಗಳಲ್ಲಿ ಅಜ್ಜನ ಕಾಲದ ವಿಲಾಯತಿ ಜೋಡು ನಳಿಗೆಗಳು ಇನ್ನೂ ಇವೆ. ಕೆಲವುದರ ನಳಿಗೆಯ ಮೇಲೆ ಸುರುಳಿ ಸುರುಳಿ ಚಿತ್ತಾರ ಕಾಣುತ್ತದೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ನಳಿಗೆಗಳು ಅವು, ಕರಿ ಮಸಿಯ ಕಾಲಕ್ಕೆ ಮಾಡಿದವು. ಬೆಸುಗೆಯ ಸಂದಿನಲ್ಲಿ ಒಳಗೊಳಗೇ ತುಕ್ಕು ನಡೆದಿರುತ್ತದೆ, ಹೊರಗೆ ಕಾಣುವುದಿಲ್ಲ. ಈಗಿನ ತೋಟಾ ಹಾಕಬೇಡಿ. ಇನ್ನೊಂದು ಅಳತೆಯ ವಿಷಯ. ಹಳೇ ಕೋವಿಗಳ ತೋಟಾ ಕೂರುವ ಜಾಗ 65 ಮಿಲಿಮೀಟರ್ ಇರುವುದು ಜಾಸ್ತಿ, ಈಗ ಸಿಗುವ ತೋಟಾಗಳಲ್ಲಿ 70 ಮಿಲಿಮೀಟರಿನವೂ ಇವೆ. ಆ ಅಳತೆ ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಹಾರುವ ಮುಂಚೆ ಬಾಯಿ ಮಡಚಿರುವುದರಿಂದ ಉದ್ದದ ತೋಟಾ ಹಳೇ ಕೋವಿಗೂ ಸಲೀಸಾಗಿ ಕೂರುತ್ತದೆ. ಕೂತಿತು ಅಂದ ಮಾತ್ರಕ್ಕೆ ಸರಿ ಅಂತಲ್ಲ. ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋವಿಯ ಮೇಲೆ ಒತ್ತಿರುವ ಅಳತೆ ಓದಿಸಿಕೊಂಡೇ ತೋಟಾ ಕೊಳ್ಳಿ.

ಪಂಪ್ ಆ್ಯಕ್ಷನ್, ರೈಫಲ್

ಪಂಪ್ ಆ್ಯಕ್ಷನ್, ಅಂದರೆ ನಳಿಗೆಯ ಅಡಿಯ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಬದಲಿಸುವ ಕೋವಿ, ನೋಡಲು ಚೆಂದ, ಒಂದಾದ ಮೇಲೊಂದು ಹಾರಿಸಬಹುದು, ಪ್ಲಾಸ್ಟಿಕ್ ಹಿಡಿ ಇದ್ದರೆ ಮಳೆಗೆ ಉಬ್ಬುವುದಿಲ್ಲ. ಮರದ ಹಿಡಿ ತೇವಕ್ಕೆ ಉಬ್ಬಿ ಕಬ್ಬಿಣದ ಭಾಗವನ್ನು ಒತ್ತುವುದು ಹಳೇ ಕೋವಿಗಳ ಮಾಮೂಲಿ ಕಾಯಿಲೆ, ಅದು ಇಲ್ಲಿ ತಪ್ಪುತ್ತದೆ. ಆದರೆ ಒಳಗೆ ಜಾರುವ ಭಾಗಗಳು ಜಾಸ್ತಿ. ಕೆಸರು, ಧೂಳು, ಉಬ್ಬಿದ ತೋಟಾ, ಯಾವುದಾದರೂ ಒಂದು ಸಾಕು ಸಿಕ್ಕಿಕೊಳ್ಳಲು. ಗಾಬರಿಯಲ್ಲಿ ಪೂರ್ತಿ ಹಿಂದಕ್ಕೆ ಎಳೆಯದೆ ಅರ್ಧಕ್ಕೇ ತಳ್ಳಿದರೂ ತೋಟಾ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಪಂಪನ್ನು ಕತ್ತಲೆಯಲ್ಲಿ, ಮಳೆಯಲ್ಲಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಬಿಡಿಸುವುದು ಅಪಾಯ. ತಿಂಗಳಿಗೊಮ್ಮೆಯಾದರೂ ಬಿಚ್ಚಿ ಒರೆಸುವ ಶಿಸ್ತು ಇದ್ದವರಿಗೆ ಮಾತ್ರ ಇದು. ನಿಮ್ಮ ಲೈಸೆನ್ಸಿಗೆ ಇದು ಸಿಗುತ್ತದಾ ಎಂದು ದುಡ್ಡು ಕೊಡುವ ಮುಂಚೆ ಡಿಸಿ ಕಚೇರಿಯಲ್ಲಿ ಕೇಳಿ.

ಇಶಾಪುರದ ಕಾರ್ಖಾನೆಯ .315 ರೈಫಲ್ ಬಗ್ಗೆಯೂ ಕೆಲವರು ವಿಚಾರಿಸುತ್ತಾರೆ. ಬೋಲ್ಟ್ ಗಟ್ಟಿಮುಟ್ಟು, ಹವೆಯ ಏರುಪೇರು ತಡೆಯುತ್ತದೆ. ಆದರೆ ಅದರ ಗುಂಡು ಪಕ್ಕದ ತೋಟ ದಾಟಿ ಆಚೆ ಊರಿನವರೆಗೆ ಹೋಗಬಲ್ಲದು. ಕಾಫಿ ಗಿಡದ ಮಧ್ಯೆ, ಜನ ಇರುವ ಕಡೆ, ಓಡಿಸುವ ಕೆಲಸಕ್ಕೆ ರೈಫಲ್ ಬೇಕಿಲ್ಲ.

ಕೋವಿಗಿಂತ ಮುಂಚೆ ತೋಟಾ ಕೆಡುತ್ತದೆ

ಮಳೆಗಾಲದ ದೂರುಗಳಲ್ಲಿ ಜಾಸ್ತಿ ಪಾಲು ಕೋವಿಯದ್ದಲ್ಲ, ತೋಟಾದ್ದು. ಕಾಗದದ ತೋಟಾ ತೇವ ಕುಡಿದು ದಪ್ಪಗಾಗುತ್ತದೆ, ಒಳಗೆ ಹೋಗುವುದಿಲ್ಲ. ಹೋದರೆ ಹಾರಿದ ಮೇಲೆ ಹೊರಗೆ ಬರುವುದಿಲ್ಲ. ಮನೆಯಲ್ಲಿ ಹಳೇ ದಾಸ್ತಾನು ಇದ್ದರೆ ಅದನ್ನು ಮಳೆಗೆ ಬಳಸಬೇಡಿ. ಪ್ಲಾಸ್ಟಿಕ್ ತೋಟಾ ನೀರು ತಡೆಯುತ್ತದೆ, ಆದರೆ ಪೂರ್ತಿ ಅಲ್ಲ. ಬಾಯಿಯ ಮಡಿಕೆ ಮತ್ತು ಹಿಂದಿನ ಕೇಪಿನ ಸುತ್ತ ನೀರು ನುಗ್ಗಲು ದಾರಿ ಇದ್ದೇ ಇದೆ.

ಚರ್ಮದ ಬೆಲ್ಟಿನಲ್ಲಿ ತೋಟಾ ಸಿಕ್ಕಿಸಿ ಗೂಟಕ್ಕೆ ನೇತುಹಾಕಿದವರು ಪುಷ್ಯ ಮಳೆ ಮುಗಿದ ಮೇಲೆ ಒಂದನ್ನು ಎಳೆದು ನೋಡಿ. ಹಿತ್ತಾಳೆಯ ಬುಡದ ಸುತ್ತ ಹಸಿರು ಕಿಲುಬು ಉಂಗುರದ ಹಾಗೆ ಕೂತಿರುತ್ತದೆ. ಚರ್ಮ ಹದ ಮಾಡುವಾಗಿನ ಹುಳಿ ಅಂಶವೂ ತೇವವೂ ಸೇರಿ ಮಾಡುವ ಕೆಲಸ ಅದು. ಕಿಲುಬು ದಪ್ಪವಾದರೆ ತೋಟಾ ಅರ್ಧಕ್ಕೇ ನಿಲ್ಲುತ್ತದೆ, ಕೋವಿ ಮುಚ್ಚುವುದಿಲ್ಲ. ಬಲವಂತವಾಗಿ ಮುಚ್ಚುವುದು, ಉಪ್ಪುಕಾಗದದಲ್ಲಿ ತಿಕ್ಕಿ ಬಳಸುವುದು ಎರಡೂ ಬೇಡ. ತೋಟಾ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಕೋವಿ ಇಲ್ಲದ ಬೇರೆ ಬೀಗದಲ್ಲಿ ಇರಲಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಅದು ತುಂಬಿತು ಎಂದು ಅರ್ಥ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಗೆ ಬರುತ್ತದೆ. ಆ ಬಾಣಲೆ ಅಡುಗೆಗೆ ಬೇಡ.

ತೋಟಾಕ್ಕೆ ಎಣ್ಣೆ ಹಚ್ಚುವವರೂ ಇದ್ದಾರೆ. ಸ್ಪ್ರೇ ಎಣ್ಣೆ ಕೇಪಿನ ಸಂದಿನಿಂದ ಒಳಗೆ ಇಳಿದು ಅದನ್ನು ನಿರ್ಜೀವ ಮಾಡಬಲ್ಲದು. ಅದೇ ಕಾರಣಕ್ಕೆ ಕೋವಿಗೆ ಎಣ್ಣೆ ಬಿಟ್ಟಾಗ ತೋಟಾ ಕೂರುವ ಜಾಗವನ್ನು ಒರೆಸಿ ಒಣಗಿಸಬೇಕು. ಬೇಸಿಗೆಯಲ್ಲಿ ತೋಟಾ ಡಬ್ಬಿಯನ್ನು ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಬಿಡಬೇಡಿ, ಕಾದು ಕಾದು ಮದ್ದು ಹಾಳಾಗುತ್ತದೆ.

ಎಲ್ಲಿ ಇಡುವುದು, ಏನು ಹಚ್ಚುವುದು

ಗಾಳಿಯ ತೇವ ಶೇಕಡಾ 60 ದಾಟಿದರೆ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಘಟ್ಟದ ಮಳೆಗಾಲದಲ್ಲಿ ಅದಕ್ಕಿಂತ ಕೆಳಗೆ ಇಳಿಯುವ ದಿನವೇ ಅಪರೂಪ. ಹಿಂದೆ ಕೋವಿಯನ್ನು ಒಲೆಯ ಮೇಲಿನ ಅಟ್ಟದ ಹತ್ತಿರ ಇಡುತ್ತಿದ್ದುದು ಬಿಸಿಗಾಗಿ. ಈಗ ಗ್ಯಾಸ್ ಒಲೆ, ಸ್ಟೀಲ್ ಬೀರು. ಬೀರು ತಣ್ಣಗಿನ ಹೊರಗೋಡೆಗೆ ತಾಗಿದ್ದರೆ ಒಳಗೆ ಬೂಷ್ಟು ಗ್ಯಾರಂಟಿ. ಒಳಗೋಡೆಯ ಕಡೆಗೆ ಸರಿಸಿ, ದೊಡ್ಡ ಸಿಲಿಕಾ ಜೆಲ್ ಡಬ್ಬಿ ಇಡಿ. ಚರ್ಮದ ಚೀಲ, ಉಲ್ಲನ್ ಕವರು ತೋಟದ ದಾರಿಗೆ ಮಾತ್ರ. ಒಳಗೆ ಇಟ್ಟು ಬೀಗ ಹಾಕಿದರೆ ಅವು ತೇವವನ್ನು ಕೋವಿಗೇ ಒತ್ತಿ ಹಿಡಿಯುತ್ತವೆ.

ಬಾಬಾಬುಡನ್ ಗಿರಿ, ಮುಳ್ಳಯ್ಯನಗಿರಿ ತಪ್ಪಲಿನವರಿಗೆ ಡಿಸೆಂಬರಿನಲ್ಲಿ ಇನ್ನೊಂದು ಸಮಸ್ಯೆ. ಇಬ್ಬನಿಯಲ್ಲಿ ತಣ್ಣಗಾದ ಕೋವಿಯನ್ನು ಬೆಚ್ಚಗಿನ ಕೋಣೆಗೆ ತಂದರೆ ಕಬ್ಬಿಣದ ಮೇಲೆ ನೀರು ಕೂರುತ್ತದೆ, ಒಳಗಿನ ಸ್ಪ್ರಿಂಗಿನ ಮೇಲೂ. ಬಂದ ಕೂಡಲೇ ಒರೆಸಿ ಬೀರು ಮುಚ್ಚಬೇಡಿ. ಖಾಲಿ ಕೋವಿ, ನಿಮ್ಮ ಕಣ್ಣೆದುರು, ಅರ್ಧ ಗಂಟೆ ಇರಲಿ. ಆಮೇಲೆ ಇನ್ನೊಮ್ಮೆ ಒರೆಸಿ ಒಳಗಿಡಿ. ಚಳಿಗೆ ದಪ್ಪ ಗ್ರೀಸು ಗಟ್ಟಿಯಾಗಿ ಪಿನ್ನಿನ ಹೊಡೆತ ಸಡಿಲವಾಗುವುದೂ ಉಂಟು.

ಕೊಬ್ಬರಿ ಎಣ್ಣೆ ಹಚ್ಚಬೇಡಿ. ಹಚ್ಚಿದ ದಿನ ಹೊಳೆಯುತ್ತದೆ, ಕೆಲವು ತಿಂಗಳಿಗೆ ಅಂಟು ಅಂಟಾಗಿ ಒಳಗಿನ ಭಾಗಗಳನ್ನು ಹಿಡಿದುಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಇದಕ್ಕಿಂತ ಎಷ್ಟೋ ಮೇಲು, ಕೋವಿಗೆಂದೇ ಮಾರುವ ಎಣ್ಣೆ ಇನ್ನೂ ಒಳ್ಳೆಯದು. ಮಳೆ ಕಡೆಯವರು ಹೊರಮೈಗೆ ವಾರಕ್ಕೊಮ್ಮೆ ತೆಳ್ಳಗೆ ಹಚ್ಚಲಿ. ಕಡೂರು, ಅರಸೀಕೆರೆಯವರು ಇದಕ್ಕೆ ಉಲ್ಟಾ ಮಾಡಬೇಕು: ಎಣ್ಣೆ ಹಚ್ಚಿ ಪೂರ್ತಿ ಒರೆಸಿಬಿಡಿ. ಫೆಬ್ರವರಿ ಮಾರ್ಚಿನ ಕೆಂಪು ಧೂಳು ಎಣ್ಣೆಗೆ ಅಂಟಿದರೆ ಅರ ಉಜ್ಜಿದಂತೆ ಒಳಭಾಗ ಸವೆಯುತ್ತದೆ. ಧೂಳಿನ ಕಡೆ ಜಾಸ್ತಿ ಎಣ್ಣೆ ಕುಡಿದ ಕೋವಿಯೇ ಮೊದಲು ಸಿಕ್ಕಿಕೊಳ್ಳುವುದು.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾದರೆ ಏನು ಮಾಡುವುದು ಎಂದು ಎಲ್ಲರೂ ಕೇಳುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಏಪ್ರಿಲ್ 26ಕ್ಕೆ ಮತದಾನ ಆಯಿತು, ಎಣಿಕೆ ಜೂನ್ 4ಕ್ಕೆ. ಅಂಥ ವರ್ಷ ಒಪ್ಪಿಸಿದ ಕೋವಿ ಕೈಗೆ ಬರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಠಾಣೆಯಲ್ಲಿ ನೂರಾರು ಕೋವಿಗಳ ಮಧ್ಯೆ ನಿಮ್ಮದನ್ನು ಯಾರೂ ಒರೆಸುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಕೊಡುವ ಮುಂಚೆ ತೊಳೆದು, ಒಣಗಿಸಿ, ಎಂದಿಗಿಂತ ದಪ್ಪಗೆ ಎಣ್ಣೆ ಹಚ್ಚಿ, ನಂಬರು ಕಾಣುವ ಹಾಗೆ ಚೀಟಿ ಕಟ್ಟಿ ಕೊಡಿ. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಒಪ್ಪಿಸಲು ಅವಕಾಶ ಇದ್ದರೆ ಅದನ್ನೇ ಆರಿಸಿ. ವಾಪಸು ತಂದ ದಿನ ನಳಿಗೆಯೊಳಗೆ ನೋಡದೆ, ಎಣ್ಣೆ ಒರೆಸದೆ ತೋಟಾ ಹಾಕಬೇಡಿ.

ಹಾಗಾದರೆ ಯಾರಿಗೆ ಯಾವುದು?

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರಿಗೆ 12 ಬೋರಿನ ಜೋಡು ನಳಿಗೆ, ಪ್ಲಾಸ್ಟಿಕ್ ತೋಟಾ. ನಳಿಗೆಯ ಒಳಗೆ ಕ್ರೋಮ್ ಲೇಪ ಇರುವುದು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತಗೊಳ್ಳಿ. ನಳಿಗೆಯ ಹೊರಗಿನ ಕಪ್ಪು ನೀಲಿ ಬಣ್ಣವನ್ನು ತುಕ್ಕು ತಡೆಯುತ್ತದೆ ಎಂದು ನಂಬಬೇಡಿ, ಅದು ತೀರಾ ತೆಳು. ಆಲೂರು, ಬೇಲೂರು, ಚಿಕ್ಕಮಗಳೂರು ಸುತ್ತಮುತ್ತ ಒಂಟಿ ನಳಿಗೆಯೂ ನಡೆಯುತ್ತದೆ. ಕಡೂರು, ಅರಸೀಕೆರೆಯಲ್ಲಿ ಕೇಪಿನ ಕೋವಿಯೇ ಸಾಕು, ತೊಳೆಯುವ ಅಭ್ಯಾಸ ಇರಬೇಕು ಅಷ್ಟೇ. ಮಳೆ ಕಡೆ ಇದ್ದು ಕೇಪಿನ ಕೋವಿಗೆ ಮಾತ್ರ ಲೈಸೆನ್ಸ್ ಸಿಕ್ಕಿದ್ದರೆ ಜಡಿಮಳೆಯ ತಿಂಗಳುಗಳಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ತಮಟೆ, ಟಾರ್ಚು, ಬೇಲಿ ಇವುಗಳ ಮೇಲೆ ಭಾರ ಹಾಕಿ.

ಹಳೇ ಕೋವಿ ಕೊಳ್ಳುವವರು ಮಳೆ ಮುಗಿದ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ ನೋಡಲು ಹೋಗಿ. ಬೇಸಿಗೆಯಲ್ಲಿ ಎಲ್ಲಾ ಕೋವಿಯೂ ಚೆನ್ನಾಗಿಯೇ ಕಾಣುತ್ತದೆ. ಮಡಚಿ ನಳಿಗೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ಗುಂಡಿ ಬಿದ್ದಿದ್ದರೆ ಅಲ್ಲಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ, ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ. ತೋಟಾ ಕೂರುವ ಜಾಗದಲ್ಲೇ ಗುಂಡಿ ಇದ್ದರೆ ವ್ಯವಹಾರ ಅಲ್ಲಿಗೇ ಬಿಡಿ. ಮುಚ್ಚಿದ ಕೋವಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಕೀಲಿನಲ್ಲಿ ಸದ್ದು ಬರಬಾರದು. ಮರದ ಹಿಡಿ ಕಬ್ಬಿಣಕ್ಕೆ ಸೇರುವ ಜಾಗ ಎಣ್ಣೆ ಕುಡಿದು ಕಪ್ಪಾಗಿದೆಯಾ ನೋಡಿ. ನಳಿಗೆ ಮೇಲೆ ಮಾಡಿ ವರ್ಷಗಟ್ಟಲೆ ನಿಲ್ಲಿಸಿದ ಕೋವಿಯಲ್ಲಿ ಎಣ್ಣೆ ಇಳಿದಿಳಿದು ಅಲ್ಲಿಗೇ ಬಂದು ಸೇರುತ್ತದೆ, ಮರ ಮೆತ್ತಗಾಗುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಬಿದ್ದರೆ ಹಿಡಿ ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿಯೇ ಮಾತಾಡಿ. ಲೈಸೆನ್ಸಿನಲ್ಲಿ ಕೋವಿ ದಾಖಲಾಗುವ ತನಕ ಅದು ಮಾರುವವರ ಮನೆಯಲ್ಲೇ ಇರಲಿ.